ಅಣ್ಣನ ಎಡೆಗೆ ಪಥ್ಯ

ರಕ್ತ ಕೊಡುವುದಕ್ಕೆ ಬರುವವರು ಪರೀಕ್ಷೆಗೆ ಓದಿಕೊಂಡು ಬರುತ್ತಾರೆ ಅಂದರೆ ನೀವು ನಗಬಹುದು. ನಂಜನಗೂಡಿನ ಆಸ್ಪತ್ರೆ ರಸ್ತೆಯ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ತೋಳಿಗೆ ಸೂಜಿ ಚುಚ್ಚುತ್ತಾ ಕೂತಿರುವ ನನಗೆ ನಗು ಬರುವುದು ನಿಂತು ಬಹಳ ಕಾಲವಾಯಿತು. ಕೊಲೆಸ್ಟ್ರಾಲ್ ನೋಡಿಸಿ ಅಂತ ಡಾಕ್ಟರು ಚೀಟಿ ಬರೆದ ದಿನವೇ ಯಾರೂ ಬರುವುದಿಲ್ಲ. ಹದಿನೈದು ದಿನ ಬಿಟ್ಟು ಬರುತ್ತಾರೆ. ಆ ಹದಿನೈದು ದಿನ ಬೆಳ್ಳುಳ್ಳಿ ನುಂಗುತ್ತಾರೆ, ಮೆಂತ್ಯ ನೆನೆಸಿದ ನೀರು ಕುಡಿಯುತ್ತಾರೆ, ಎಣ್ಣೆ ತಿಂಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬಂದರೆ ‘ಪಾಸಾದೆ ಕಣಮ್ಮ’ ಅಂತ ಮಡಿಚಿ ಜೇಬಿಗಿಟ್ಟುಕೊಂಡು, ಬಸ್‌ಸ್ಟ್ಯಾಂಡಿನ ಬೋಂಡದ ಬಾಣಲೆಯ ಮುಂದೆ ಹೋಗಿ ನಿಲ್ಲುತ್ತಾರೆ.

ಮೊದಲೆಲ್ಲ ನಾನು ತಿಳಿ ಹೇಳುತ್ತಿದ್ದೆ. ಇದು ಮಾರ್ಕ್ಸ್ ಕಾರ್ಡ್ ಅಲ್ಲ, ನಿಮ್ಮ ಮೈ ಹೇಗಿದೆಯೋ ಹಾಗೆ ಬಂದು ತೋರಿಸಬೇಕು ಅನ್ನುತ್ತಿದ್ದೆ. ಈಗ ಹೇಳುವುದಿಲ್ಲ. ಹೇಳಿ ಹೇಳಿ ಬಾಯಿ ಸೋತಿದೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಖಾಲಿ ಹೊಟ್ಟೆಯವರ ಸಾಲು. ಹಸಿದವರ ಸಿಟ್ಟೆಲ್ಲ ನನ್ನ ಮೇಲೆ. ನರ ಸಿಗಲಿಲ್ಲ ಅಂದರೆ ನನ್ನ ತಪ್ಪು, ಸಕ್ಕರೆ ಜಾಸ್ತಿ ಬಂದರೂ ನನ್ನ ತಪ್ಪು. ಹೀಗೆ ದಿನವಿಡೀ ತಪ್ಪು ಹೊರಿಸಿಕೊಳ್ಳುವ ಕೆಲಸದವಳು ನಾನು. ಅಂಥವಳು ಒಂದು ದಿನ ಒಬ್ಬ ಹೆಂಗಸಿನ ತಲೆಗೆ ಎಂಥ ತಪ್ಪು ಕಟ್ಟಿದೆ ಅನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಹೆಂಗಸು ನನ್ನ ಅತ್ತಿಗೆ, ಅಣ್ಣನ ಹೆಂಡತಿ.

ಅಣ್ಣ ತಿ. ನರಸೀಪುರದಲ್ಲಿ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಸುಟ್ಟುಹೋದ ಮೋಟರನ್ನು ಬಿಚ್ಚಿ, ಕರಿದ ಶ್ಯಾವಿಗೆಯ ಹಾಗೆ ಕಪ್ಪಾದ ತಾಮ್ರದ ತಂತಿಯನ್ನು ಎಳೆದು ಹಾಕಿ, ಹೊಸದಾಗಿ ಸುತ್ತುವ ಕೆಲಸ. ದಿನವಿಡೀ ಕೂತು ಮಾಡುವ ಕೆಲಸವೇ. ಸಂಜೆ ನಾಲ್ಕಕ್ಕೆ ಅತ್ತಿಗೆ ಡಬ್ಬಿಯಲ್ಲಿ ತಿಂಡಿ ಕಳಿಸುತ್ತಿದ್ದರು: ಒಂದು ದಿನ ಮಸಾಲೆ ವಡೆ, ಒಂದು ದಿನ ಹೀರೆಕಾಯಿ ಬಜ್ಜಿ. ಅತ್ತಿಗೆ ತಲಕಾಡಿನ ಕಡೆಯವರು, ಅವರ ಕೈಯಲ್ಲಿ ಎಣ್ಣೆಗೆ ಬಿದ್ದದ್ದು ಯಾವುದೂ ಕೆಟ್ಟಿದ್ದಿಲ್ಲ. ಅಂಗಡಿಗೆ ಬಂದ ರೈತರಿಗೂ ಅದರಲ್ಲಿ ಪಾಲು. ನಮ್ಮ ಮನೆಯವರೆಲ್ಲ ನಮ್ಮೂರಾದ ಹೆಡತಲೆಯಿಂದ ನರಸೀಪುರಕ್ಕೆ ಹೋಗುತ್ತಿದ್ದದ್ದೇ ಆ ವಡೆಯ ಆಸೆಗೆ ಅಂದರೂ ಸುಳ್ಳಲ್ಲ.

ಅಪ್ಪ ಐವತ್ತೊಂದಕ್ಕೆ ಗದ್ದೆಯ ಬದುವಿನ ಮೇಲೆ ಬಿದ್ದು ಹೋಗಿದ್ದ. ಗಾಳಿ ಸೋಕಿತು ಅಂದರು. ತಾತನೂ ಇನ್ನೂ ಗಟ್ಟಿಯಾಗಿದ್ದಾಗಲೇ ಹೀಗೆಯೇ ಹೋದನಂತೆ. ಅದಕ್ಕೆ ಅಣ್ಣನಿಗೆ ನಲವತ್ನಾಲ್ಕಾದಾಗ ನಾನೇ ಬಲವಂತ ಮಾಡಿ ಲ್ಯಾಬಿಗೆ ಕರೆಸಿ ರಕ್ತ ತೆಗೆದೆ. ಸಕ್ಕರೆ ಸರಿಯಿತ್ತು. ಕೊಲೆಸ್ಟ್ರಾಲ್ ಸರಿಯಿತ್ತು. ನಾನೇ ಮೆಷಿನ್ನಿಗೆ ಹಾಕಿ, ನಾನೇ ಪ್ರಿಂಟ್ ತೆಗೆದು, ‘ಏನೂ ಇಲ್ಲ ಕಣಣ್ಣ, ನೂರು ವರ್ಷ ಇರ್ತೀಯ’ ಅಂದೆ. ಅವನು ಆ ಕಾಗದವನ್ನು ಅಂಗಡಿಯ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ್ದ. ಬಂದವರಿಗೆಲ್ಲ ತೋರಿಸುತ್ತಿದ್ದ.

ಅದಾದ ಎರಡೇ ವರ್ಷಕ್ಕೆ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತ. ಗ್ಯಾಸ್ಟ್ರಿಕ್ ಇರಬೇಕು ಅಂತ ಪಕ್ಕದ ಅಂಗಡಿಯಿಂದ ಸೋಡಾ ತರಿಸಿ ಕುಡಿದ. ಅರ್ಧ ಗಂಟೆ ಅಲ್ಲೇ ಕಳೆಯಿತು. ಮೈಸೂರಿನ ದಾರಿಯಲ್ಲಿ ಆಂಬ್ಯುಲೆನ್ಸಿನಲ್ಲೇ ಮುಗಿದುಹೋಯಿತು. ನಲವತ್ತಾರು ವರ್ಷ.

ನಾನು ಹೋಗುವಷ್ಟರಲ್ಲಿ ಅಣ್ಣನನ್ನು ಜಗುಲಿಯಲ್ಲಿ ಗೋಡೆಗೆ ಒರಗಿಸಿ, ವಿಭೂತಿ ಬಳಿದು ಕೂರಿಸಿದ್ದರು. ಕಾಲಿಡಲು ಜಾಗವಿರಲಿಲ್ಲ. ಅವ್ವ ಅವನ ಪಾದದ ಹತ್ತಿರ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಒಳಗೆ ಕಾಲಿಡುತ್ತಿದ್ದ ಹಾಗೆಯೇ ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ, ಎಲ್ಲರಿಗೂ ಕೇಳುವ ಹಾಗೆ ಅಂದ:

“ನೀನೇ ರಕ್ತ ನೋಡಿ ಎಲ್ಲಾ ನಾರ್ಮಲ್ ಅಂದಿದ್ಯಲ್ಲವ್ವ? ಏನ್ ನೋಡ್ದೆ ನೀನು?”

ಇಡೀ ಜಗುಲಿಯ ಅಳು ಒಂದು ಗಳಿಗೆ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಆ ಹೊತ್ತಿನಲ್ಲಿ ದುಃಖಕ್ಕಿಂತ ಮುಂಚೆ ಬಂದದ್ದು ಹೆದರಿಕೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದೇ ನಿಜ. ಬಾಯಿಂದ ಮಾತು ತಾನಾಗಿ ಹೊರಬಿತ್ತು:

“ಆಗ ಸರಿಯಾಗೇ ಇತ್ತು ಚಿಕ್ಕಪ್ಪ. ಆಮೇಲೆ ಎಣ್ಣೆ ಪದಾರ್ಥ ಜಾಸ್ತಿಯಾಯ್ತಲ್ಲ. ದಿನಾ ಕರಿದಿದ್ದು ತಿಂದ್ರೆ ಇನ್ನೇನಾಗುತ್ತೆ?”

ಅಷ್ಟೇ ಅಂದದ್ದು. ಅತ್ತಿಗೆಯ ಹೆಸರು ಹೇಳಲಿಲ್ಲ, ಅವರ ಕಡೆ ನೋಡಲೂ ಇಲ್ಲ. ನೋಡುವ ಕೆಲಸವನ್ನು ಉಳಿದವರು ಮಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಯಾರಾದರೂ ಅಂದಿದ್ದರೆ ಸಾವಿನ ಮನೆಯ ನೂರು ಮಾತಿನಲ್ಲಿ ಅದೂ ಒಂದಾಗಿ ಕರಗುತ್ತಿತ್ತು. ನಾನು ಲ್ಯಾಬಿನವಳು. ನನ್ನ ಬಾಯಿಂದ ಬಂದದ್ದಕ್ಕೆ ಸೀಲು ಹಾಕಿದಷ್ಟು ಬೆಲೆ. ಹನ್ನೊಂದನೆಯ ದಿನದ ಹೊತ್ತಿಗೆ ಅದು ಹೆಡತಲೆ, ನರಸೀಪುರ, ತಲಕಾಡು ಎಲ್ಲ ಸುತ್ತಿ ವಾಪಸ್ ಬಂದಿತ್ತು: ಹೆಂಡತಿ ಕರಿದು ಕರಿದು ಹಾಕಿ ಗಂಡನನ್ನು ಕಳಕೊಂಡಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದನ್ನು ಗಾದೆಯಾಗಿ ಕೇಳಿದ್ದೆ. ಬರೆ ಕಾಯಿಸಿ ಕೊಟ್ಟವಳು ನಾನೇ.

ಅವ್ವ ಆಮೇಲೆ ಆ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟಳು. ಜಗಳವಿಲ್ಲ, ಬೈಗುಳವಿಲ್ಲ. ಮೊಮ್ಮಗಳನ್ನು ನೋಡಲು ಹೋಗುತ್ತಾಳೆ, ಹಲ್ಲು ನೋವು ಅನ್ನುತ್ತಾಳೆ, ಒಂದು ಬಾಳೆಹಣ್ಣು ಸುಲಿದು ತಿಂದು ಸಂಜೆ ಬಸ್ಸಿಗೆ ಹೆಡತಲೆಗೆ ಹೊರಡುತ್ತಾಳೆ. ಆರು ವರ್ಷದಿಂದ ಅದೇ ಹಲ್ಲು ನೋವು.

ಇದಕ್ಕಿಂತ ಘೋರವಾದದ್ದು ಹಿರಿಯರ ಹಬ್ಬದಲ್ಲಿ ನಡೆಯಿತು. ಸತ್ತವರಿಗೆ ಏನು ಇಷ್ಟವೋ ಅದನ್ನೇ ಎಡೆ ಇಡುವುದು ನಮ್ಮ ಕಡೆಯ ರೂಢಿ. ಅಪ್ಪನ ಎಡೆಗೆ ಪಾಯಸದ ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಡುತ್ತೇವೆ. ದೂರದ ಸಂಬಂಧಿಯೊಬ್ಬರಿಗೆ ಒಂದು ಲೋಟದಲ್ಲಿ ಏನನ್ನೋ ಸುರಿದು ಮೇಲೆ ಎಲೆ ಮುಚ್ಚುವುದೂ ಉಂಟು. ಯಾರೂ ಏನೂ ಕೇಳುವುದಿಲ್ಲ. ಅಣ್ಣ ಹೋದ ಮೊದಲ ವರ್ಷ ಅತ್ತಿಗೆ ಅವನ ಎಡೆಗೆ ಅಂತ ವಡೆಗೆ ಬೇಳೆ ನೆನೆಹಾಕಿದ್ದರು. ಚಿಕ್ಕಪ್ಪ ನೋಡಿದ. “ಅದೇ ತಾನೆ ಅವನ್ನ ತಿಂದಾಕಿದ್ದು? ತಿರ್ಗಾ ಅದ್ನೇ ಇಕ್ಕೀರಾ?” ಅಂದ. ಅತ್ತಿಗೆ ಬೇಳೆಯನ್ನು ಬಸಿದು ಹಸುವಿನ ಕಲಗಚ್ಚಿಗೆ ಸುರಿದರು. ಅಂದಿನಿಂದ ಅಣ್ಣನ ಎಡೆಗೆ ಇಡ್ಲಿ, ಹೆಸರುಬೇಳೆ ಕೋಸಂಬರಿ, ಒಗ್ಗರಣೆಯಿಲ್ಲದ ಪಲ್ಯ. ತುಪ್ಪವೂ ಇಲ್ಲ. ಸತ್ತವನನ್ನು ಪಥ್ಯಕ್ಕೆ ಹಾಕಿದ ಮನೆ ಲೋಕದಲ್ಲಿ ನಮ್ಮದೊಂದೇ ಇರಬೇಕು. ಕೊನೆತನಕ ಬೀಡಿ ಸೇದಿದ ಅಪ್ಪನಿಗೆ ಪಕ್ಕದಲ್ಲೇ ಬೀಡಿಕಟ್ಟು! ಯಾರಿಗೂ ನಗು ಬರಲಿಲ್ಲ. ನನಗೂ ಬರಲಿಲ್ಲ, ಬಾಯಿಯೂ ಬರಲಿಲ್ಲ.

ಅತ್ತಿಗೆ ಒಲೆಯ ಮೇಲೆ ಬಾಣಲೆ ಇಡುವುದನ್ನೇ ಬಿಟ್ಟರು. ಅಂಗಡಿಯನ್ನು ಬಾಡಿಗೆಗೆ ಕೊಟ್ಟು, ಹೊಲಿಗೆ ಮೆಷಿನ್ ಹಾಕಿಕೊಂಡು ಒಬ್ಬಳೇ ಮಗಳನ್ನು ಓದಿಸಿದರು.

ಇನ್ನು ನನ್ನ ತಮ್ಮನ ವಿಷಯ. ಅವನು ಹೆಡತಲೆಯಲ್ಲಿ ಅವ್ವನ ಜೊತೆ ಇದ್ದಾನೆ, ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಜನ ತಂದ ಹಾಲಿನ ಫ್ಯಾಟ್ ನೋಡುವುದು ಅವನ ಕೆಲಸ. ನಾನು ಮನುಷ್ಯರ ಕೊಬ್ಬು ನೋಡುತ್ತೇನೆ, ಅವನು ಹಸುಗಳ ಕೊಬ್ಬು ನೋಡುತ್ತಾನೆ ಅಂತ ಮನೆಯಲ್ಲಿ ತಮಾಷೆ. ಈ ವರ್ಷ ಮಳೆಗಾಲದ ಮೊದಲಲ್ಲಿ ಹಾಲಿನ ಕ್ಯಾನು ಎತ್ತುವಾಗ ಉಸಿರು ಹಿಡಿದ ಹಾಗಾಯಿತು ಅಂದ. ನಲವತ್ತೆರಡು ವರ್ಷ ಅವನಿಗೆ. ಈ ಸಲ ನಮ್ಮ ಲ್ಯಾಬಿನಲ್ಲಿ ನೋಡುವುದೇ ಬೇಡ ಅಂತ ನೇರ ಮೈಸೂರಿನ ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಆಕೆ ಚಿಕ್ಕ ವಯಸ್ಸಿನ ಡಾಕ್ಟರು. ಇಸಿಜಿ ಆಯಿತು, ಟ್ರೆಡ್‌ಮಿಲ್ ಮೇಲೆ ಓಡಿಸಿದ್ದಾಯಿತು, ಅಂಥದ್ದೇನೂ ಕಾಣಲಿಲ್ಲ. ಆಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರು ಯಾರು ಯಾವ ವಯಸ್ಸಿಗೆ ಹೋದರು? ನಾವು ತಾತನಿಂದ ಶುರುಮಾಡಿ ಅಣ್ಣನ ತನಕ ಹೇಳಿದೆವು. ಆಕೆ ಚೀಟಿಯಲ್ಲಿ ಮಾಮೂಲಿ ಪರೀಕ್ಷೆಗಳ ಕೆಳಗೆ ಇನ್ನೊಂದು ಬರೆದರು. ಲೈಪೋಪ್ರೋಟೀನ್ ಎ.

ಆ ಹೆಸರನ್ನು ನಾನು ನೋಡಿಲ್ಲವೆಂದಲ್ಲ. ವರ್ಷಕ್ಕೆ ಒಂದೋ ಎರಡೋ ಚೀಟಿಯಲ್ಲಿ ಬರುತ್ತಿತ್ತು. ನಮ್ಮಲ್ಲಿ ಅದನ್ನು ಮಾಡುವ ಮೆಷಿನ್ ಇಲ್ಲ. ರಕ್ತ ತೆಗೆದು, ಚೀಟಿ ಅಂಟಿಸಿ, ಐಸ್ ಡಬ್ಬಿಯಲ್ಲಿ ಮೈಸೂರಿಗೆ ಕಳಿಸುತ್ತಿದ್ದೆ. ಅದೇನು, ಏಕೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವತ್ತು ಕೇಳಿದೆ. ಆಕೆ ತಾಳ್ಮೆಯಿಂದ ಹೇಳಿದರು. ಕೊಬ್ಬು ರಕ್ತದಲ್ಲಿ ತಾನಾಗಿ ತೇಲುವುದಿಲ್ಲ, ಪ್ರೋಟೀನು ಅದನ್ನು ಹೊತ್ತು ತಿರುಗುತ್ತದೆ. ಕೆಲವು ಕಣಗಳಿಗೆ ಇನ್ನೂ ಒಂದು ಬಗೆಯ ಪ್ರೋಟೀನು ಅಂಟಿಕೊಂಡಿರುತ್ತದೆ. ಅಂಥವು ಹೆಚ್ಚಾಗಿದ್ದರೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಬೇಗ ಕೂರುತ್ತದೆ, ಎಳೆ ವಯಸ್ಸಿಗೇ ಹೃದಯಕ್ಕೆ ಕಂಟಕ. ಮಾಮೂಲಿ ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಇದು ಕಾಣುವುದೇ ಇಲ್ಲ. ಅದು ಎಷ್ಟಿರಬೇಕು ಅನ್ನುವುದು ಹೆಚ್ಚುಕಡಿಮೆ ಹುಟ್ಟುವಾಗಲೇ ನಿಗದಿ. ಅಪ್ಪನಿಂದಲೋ ಅಮ್ಮನಿಂದಲೋ ಬಂದಿರುತ್ತದೆ. ತಿಂದು ಏರಿಸಿಕೊಳ್ಳುವುದಲ್ಲ, ಬಿಟ್ಟು ಇಳಿಸಿಕೊಳ್ಳುವುದೂ ಅಲ್ಲ.

ಕೊನೆಯ ಮಾತು ಕಿವಿಗೆ ಬಿದ್ದಾಗ ನಾನು ಮಾಡಿದ್ದೇನು ಗೊತ್ತೆ? ಬ್ಯಾಗಿನ ಜಿಪ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಐದನೆಯ ದಿನ ರಿಪೋರ್ಟ್ ಬಂತು. ಮೂವತ್ತರ ಒಳಗಿರಬೇಕಾದದ್ದು ತಮ್ಮನಿಗೆ ನೂರಾ ಹದಿನೆಂಟು. ನನ್ನ ರಕ್ತವನ್ನೂ ಜೊತೆಯಲ್ಲಿ ಕಳಿಸಿದ್ದೆ. ನನಗೆ ಹನ್ನೊಂದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಬದುಕಿದೆ ಅನ್ನಿಸಬೇಕಾಗಿತ್ತು; ಕದ್ದು ಸಿಕ್ಕಿಹಾಕಿಕೊಳ್ಳದವಳ ಹಾಗೆ ಅನ್ನಿಸಿತು.

ಇದನ್ನೇ ಇಳಿಸುವ ಮಾತ್ರೆ ಸದ್ಯಕ್ಕೆ ನನ್ನ ಹತ್ತಿರ ಇಲ್ಲ, ಉಳಿದದ್ದನ್ನೆಲ್ಲ ಬಿಗಿ ಹಿಡಿಯೋಣ ಅಂದರು ಡಾಕ್ಟರು. ಕೆಟ್ಟ ಕೊಲೆಸ್ಟ್ರಾಲನ್ನು ಬೇರೆಯವರಿಗಿಂತ ಇನ್ನೂ ಕೆಳಗೆ ಇಳಿಸಬೇಕು, ಬಿಪಿ ಸಕ್ಕರೆ ಏರಬಾರದು, ಬೀಡಿ ಸಿಗರೇಟು ಮುಟ್ಟಬಾರದು. ದಿನಕ್ಕೊಂದು ಮಾತ್ರೆ ಕೊಟ್ಟರು. ಮನೆಯಲ್ಲಿ ರಕ್ತ ಹಂಚಿಕೊಂಡವರೆಲ್ಲ ಒಂದು ಸಲ ಪರೀಕ್ಷೆ ಮಾಡಿಸಲಿ, ಇದಕ್ಕೆ ಜೀವಮಾನಕ್ಕೆ ಒಂದೇ ಸಲ ಸಾಕು ಅಂದರು.

ತಮ್ಮ ಆಚೆ ಬಂದು ಬೇವಿನ ಮರದ ಕೆಳಗೆ ನಿಂತು ನಕ್ಕ.

“ಅಯ್ಯೋ ಬುಡಕ್ಕ. ದಿನಾ ನೋಡ್ತೀನಲ್ಲ ನಾನು. ಹಸೂಗೆ ಮೇವು ಬದ್ಲಾಯ್ಸುದ್ರೆ ಹಾಲಿನ ಫ್ಯಾಟ್ ಬದ್ಲಾಗಕಿಲ್ವಾ? ಮೂರ್ ತಿಂಗ್ಳು ಕೊಡು ನಂಗೆ. ಅರ್ಧಕ್ಕಿಳ್ಸಿ ತೋರುಸ್ತೀನಿ.”

ಡೈರಿಯವನ ತಲೆಗೆ ಹೊಳೆಯುವುದು ಇಂಥದ್ದೇ. ಹಾಲಿನ ಫ್ಯಾಟ್ ಕಡಿಮೆ ಬಂದರೆ ಹಿಂಡಿ ಬದಲಾಯಿಸಿ, ಒಣಹುಲ್ಲು ಜಾಸ್ತಿ ಹಾಕಿ ಅಂತ ಊರಿಗೆಲ್ಲ ಬುದ್ಧಿ ಹೇಳುವವನು. ಅದೇ ಬುದ್ಧಿಯನ್ನು ತನ್ನ ಮೈಗೆ ಹಾಕಿಕೊಂಡ. ಮೂರು ತಿಂಗಳು ಅವನು ಮಾಡಿದ ಪಥ್ಯವನ್ನು ಸನ್ಯಾಸಿಗಳೂ ಮಾಡಲಾರರು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ ಸೊಪ್ಪು, ರಾತ್ರಿ ಹುರುಳಿಕಾಳು ಬೇಯಿಸಿದ ನೀರು. ಮನೆಯಲ್ಲಿ ಹಾಲು ಹರಿಯುತ್ತಿದ್ದರೂ ಕಾಫಿಗೆ ಹಾಲಿಲ್ಲ. ನಸುಕಿನಲ್ಲೇ ಎದ್ದು ಕೆರೆ ಏರಿಯ ಮೇಲೆ ನಡೆದ. ಒಂಬತ್ತು ಕೆಜಿ ಇಳಿದು, ಕೆನ್ನೆ ಒಳಗೆ ಹೋಗಿ, ಪ್ಯಾಂಟಿಗೆ ಹೊಸ ತೂತಿನ ಬೆಲ್ಟು ಕಟ್ಟಿಕೊಂಡು ಬಂದು ನನ್ನ ಮುಂದೆ ತೋಳು ಚಾಚಿದ. ಮತ್ತೆ ನೋಡುವುದು ಬೇಡ ಅಂದಿದ್ದಾರಲ್ಲ ಅಂದೆ. ಕೇಳಲಿಲ್ಲ. ತೆಗೆದು ಕಳಿಸಿದೆ.

ನೂರಾ ಇಪ್ಪತ್ತೊಂದು.

ಮಾತ್ರೆಗೂ ಪಥ್ಯಕ್ಕೂ ಉಳಿದ ಅಂಕಿಗಳೆಲ್ಲ ಚೆನ್ನಾಗಿ ಇಳಿದಿದ್ದವು. ಅದು ದೊಡ್ಡ ಲಾಭವೇ, ಅವನ ಜೀವ ಕಾಯುವುದು ಅದೇ ಅಂತ ಹೇಳಿದೆ. ಅವನ ಕಿವಿಗೆ ಹೋಗಲಿಲ್ಲ. ಲ್ಯಾಬಿನ ಬೆಂಚಿನ ಮೇಲೆ ಆ ಕಾಗದ ಹಿಡಿದುಕೊಂಡು ಬಹಳ ಹೊತ್ತು ಕೂತ. ಕಣ್ಣಲ್ಲಿ ನೀರು ತುಂಬಿತ್ತು.

“ಅಂದ್ರೆ ಇದು ಮೇವಲ್ಲ. ತಳಿ.”

“ಹೂಂ ಕಣೋ.”

“ಇಷ್ಟ್ ಬಿಟ್ರೂ ಇಳೀಲಿಲ್ಲ ಅಂದ್ಮೇಲೆ ಅಣ್ಣಂಗೂ ತಿಂದು ಬಂದಿದ್ದಲ್ಲ.” ಕಾಗದ ಮಡಿಚುತ್ತಾ ಅಂದ: “ಅಂಗಾರೆ ಅತ್ಗೆ ಏನ್ ಮಾಡಿದ್ರಕ್ಕ?”

ಅವನಿಗೆ ತಿಳಿಯಲು ಮೂರು ತಿಂಗಳ ಉಪವಾಸ ಬೇಕಾಯಿತು. ನನಗೆ ಮೊದಲ ದಿನವೇ, ಡಾಕ್ಟರ ಕೋಣೆಯಲ್ಲೇ ತಿಳಿದಿತ್ತು. ಆ ಮೂರು ತಿಂಗಳು ನಾನು ಕಾದದ್ದು ಏನಕ್ಕೆ? ಅವನ ಅಂಕಿ ಇಳಿಯಲಿ ಅಂತ. ಇಳಿದುಬಿಟ್ಟರೆ ಊಟದ್ದೇ ತಪ್ಪು, ನಾನು ಅಂದದ್ದು ಸುಳ್ಳಲ್ಲ ಅಂತ ಸುಮ್ಮನಿರಬಹುದಿತ್ತು. ಇಂಥ ಆಸೆಯನ್ನು ಇಟ್ಟುಕೊಂಡು ಒಡಹುಟ್ಟಿದವನು ಕರಗುವುದನ್ನು ನೋಡುತ್ತಿದ್ದವಳು ನಾನು. ವಡೆ ಬೋಂಡ ಎದೆಗೆ ಒಳ್ಳೆಯದು ಅಂತ ನಾನು ಈಗಲೂ ಹೇಳುವುದಿಲ್ಲ. ಆದರೆ ಅಣ್ಣನ ರಕ್ತದಲ್ಲಿ ಇದೇ ಇತ್ತೋ ಇಲ್ಲವೋ ಅಂತ ನೋಡುವ ದಾರಿ ಈಗ ಯಾರಿಗೂ ಇಲ್ಲ; ನೋಡದೆಯೇ ಒಬ್ಬಳ ಮೇಲೆ ತೀರ್ಪು ಬರೆದಿದ್ದೆ.

ಹಿರಿಯರ ಹಬ್ಬಕ್ಕೆ ನರಸೀಪುರಕ್ಕೆ ಹೋದೆ. ಬ್ಯಾಗಿನಲ್ಲಿ ಸಿರಿಂಜು, ಟ್ಯೂಬು ಇಟ್ಟುಕೊಂಡಿದ್ದೆ. ಅಣ್ಣನ ಮಗಳಿಗೆ ಹತ್ತೊಂಬತ್ತು, ಬಿಕಾಂ ಓದುತ್ತಿದ್ದಾಳೆ. ಅವಳ ರಕ್ತವನ್ನೂ ನೋಡಲೇಬೇಕು. ಅದಕ್ಕೆ ಮೊದಲು ಅತ್ತಿಗೆಗೆ ಹೇಳಲೇಬೇಕು. ಬಸ್ಸಿನಲ್ಲಿ ಹೇಳುವ ಮಾತನ್ನು ನಾಲ್ಕು ಸಲ ಜೋಡಿಸಿಕೊಂಡೆ, ನಾಲ್ಕು ಸಲವೂ ಅದರಲ್ಲಿ ನನ್ನ ತಪ್ಪು ಚಿಕ್ಕದಾಗಿ ಕಾಣುವ ಹಾಗೆ ಬಂತು.

ಜಗುಲಿಯಲ್ಲಿ ಚಿಕ್ಕಪ್ಪ, ಅವ್ವ, ತಮ್ಮ, ನೆಂಟರು ಹತ್ತು ಹನ್ನೆರಡು ಜನ ಇದ್ದರು. ಎಡೆ ಇಟ್ಟು ಪೂಜೆ ಮುಗಿದಿತ್ತು. ಅತ್ತಿಗೆ ಅಡುಗೆಮನೆಯಲ್ಲಿ ಬಡಿಸುವ ಪಾತ್ರೆಗಳಿಗೆ ಸಾರು ತೋಡುತ್ತಿದ್ದರು. ನಾನು ಒಳಗೆ ಹೋಗಿ ಬಾಗಿಲ ಮರೆಗೆ ನಿಂತು ಎಲ್ಲ ಹೇಳಿದೆ. ತಮ್ಮನ ರಕ್ತ, ನೂರಾ ಹದಿನೆಂಟು, ಮೂರು ತಿಂಗಳ ಪಥ್ಯ, ನೂರಾ ಇಪ್ಪತ್ತೊಂದು. ಇದು ನಮ್ಮ ಮನೆತನದ ರಕ್ತದಲ್ಲಿ ಇಳಿದು ಬಂದದ್ದು, ನಿಮ್ಮ ಕೈ ಅಡುಗೆಯದಲ್ಲ ಅಂದೆ. ಅವತ್ತು ನಾನು ಅಂದದ್ದು ನನ್ನ ತಲೆ ಉಳಿಸಿಕೊಳ್ಳಲು ಅಂದದ್ದು ಅಂತಲೂ ಹೇಳಿದೆ.

ಅತ್ತಿಗೆ ಸೌಟು ಬಿಡಲಿಲ್ಲ. ಒಂದು ಪಾತ್ರೆ ತುಂಬಿ ಮುಚ್ಚಿ ಪಕ್ಕಕ್ಕಿಟ್ಟರು.

“ನಂಗೆ ಅತ್ತೆ ಮೇಲೆ ಬೇಜಾರಿಲ್ಲ ಅಕ್ಕ, ಊರಿನವರ ಮೇಲೂ ಇಲ್ಲ,” ಅಂದರು. “ನಾನೇ ನಂಬಿದ್ದೆ. ನೀವು ಲ್ಯಾಬಲ್ಲಿರೋರು, ತಿಳ್ದೇ ಹೇಳಿರ್ತೀರಿ ಅಂದ್ಕಂಡೆ. ಮಗಳಿಗೆ ಅನ್ನ ಬಡಿಸ್ವಾಗ್ಲೆಲ್ಲ ತುಪ್ಪದ ಚಮಚ ವಾಪಸ್ ಇಡ್ತಿದ್ದೆ. ಇವಳನ್ನೂ ಕೊಂದ್ಬುಡ್ತೀನೇನೋ ಅಂತ.”

ನಾನು ಅಳತೊಡಗಿದೆ. ಅವರು ಅಳಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದರು.

“ಅವತ್ತು ಎಲ್ಲರ ಮುಂದೆ ಅಂದ್ರಿ. ಇವತ್ತು ಬಾಗಿಲ ಮರೇಲಿ ನಿಂತ್ಕಂಡು ಹೇಳ್ತಾ ಇದೀರಿ.”

ಜಗುಲಿಗೆ ಬಂದೆ. ಎಲೆ ಹಾಕಿ ಬಡಿಸಿದ್ದರು, ಎಲ್ಲರೂ ಊಟಕ್ಕೆ ಕೂತಿದ್ದರು. ಅವ್ವ ಮಾತ್ರ ಕಂಬಕ್ಕೊರಗಿ ಕೈಯಲ್ಲಿ ಬಾಳೆಹಣ್ಣು ಹಿಡಿದಿದ್ದಳು. ನಿಂತುಕೊಂಡೇ ಹೇಳಿದೆ. ಅಣ್ಣ ಸತ್ತದ್ದು ಅತ್ತಿಗೆಯ ಅಡುಗೆಯಿಂದಲ್ಲ, ನಾನು ಅವತ್ತು ಗೊತ್ತಿಲ್ಲದೆ ಹೇಳಿದೆ, ನಾನು ಹೇಳಿದ್ದು ತಪ್ಪು ಅಂದೆ. ರಕ್ತದ ವಿಷಯವನ್ನು ಆದಷ್ಟು ಸುಲಭ ಮಾಡಿ ಬಿಡಿಸಿದೆ. ತಮ್ಮನೂ ಎದ್ದು ನಿಂತು ತನ್ನ ಸಡಿಲವಾದ ಪ್ಯಾಂಟು ತೋರಿಸಿ ಮೇವು, ತಳಿ ಅಂತ ಹೇಳಿದ.

ಚಿಕ್ಕಪ್ಪ ಅನ್ನ ಕಲಸುತ್ತಾ ಅಂದ, “ಅಂಗಾರೆ ತಪ್ಪು ಯಾರ್ದು?”

“ಯಾರದ್ದೂ ಅಲ್ಲ ಚಿಕ್ಕಪ್ಪ.”

“ಯಾರ್ದೂ ಅಲ್ದೆ ಎಂಗಾದದು?” ಅವನಿಗೆ ಆ ಉತ್ತರ ಹಿಡಿಸಲಿಲ್ಲ. “ಆಯ್ತು ಬುಡವ್ವ. ಅಬ್ಬದ್ ದಿವ್ಸ ಈಗ್ಯಾಕದು. ಕೂತ್ಕ, ಉಣ್ಣು.”

ಯಾರೋ ಮಜ್ಜಿಗೆ ಕೇಳಿದರು. ಒಂದು ವಾಕ್ಯದಲ್ಲಿ ಹೊರಿಸಿದ್ದನ್ನು ಇಳಿಸಲು ಹತ್ತು ನಿಮಿಷ ಮಾತಾಡಿದ್ದೆ. ಒಬ್ಬರ ತುತ್ತೂ ನಿಲ್ಲಲಿಲ್ಲ. ಅವ್ವ ಒಬ್ಬಳೇ ಯೋಚಿಸುತ್ತಿದ್ದಳು. “ಅಂಗಾರೆ ನಮ್ ಕಡೆಯಿಂದ್ಲೇ ಬಂದಿರಾದಾ?” ಅಂದಳು. ಅಪ್ಪನ ಕಡೆಯಿಂದ ಇರಬೇಕು ಅಂದೆ. ಅವಳು ನೀರು ಬಡಿಸುತ್ತಿದ್ದ ಮೊಮ್ಮಗಳನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ ನನ್ನನ್ನೇ ಗದರಿಸಿದಳು: “ಎಣ್ಮಗೀನ ಮುಂದೆ ಇಂತಾವೆಲ್ಲ ಏಳ್ಬ್ಯಾಡ. ನಾಳೆ ಒಂದ್ ಮನೆಗೆ ಕೊಡಾದು.”

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನೆಂಟರೆಲ್ಲ ಹೊರಟ ಮೇಲೆ ಮಗಳನ್ನು ಕರೆದು ನನ್ನ ಮುಂದೆ ಕೂರಿಸಿ, ಅವಳ ತೋಳು ಮೇಲೆ ಮಾಡಿದರು.

“ಊಟ ಮಾಡ್ಬುಟ್ಟಿದಾಳೆ. ಪರವಾಗಿಲ್ವಾ?”

“ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ ಅತ್ತಿಗೆ.”

“ಹಂಗಾದ್ರೆ ತಗೊಳಿ. ಏನೇ ಬರ್ಲಿ, ನಂಗೆ ಹೇಳಿ ಆಮೇಲೆ ಮಿಕ್ಕಿದವರಿಗೆ.”

ನರ ಸುಲಭವಾಗಿ ಸಿಕ್ಕಿತು. ಹುಡುಗಿ ಅತ್ತ ಮುಖ ತಿರುಗಿಸಿ ‘ನಂಗೂ ಅಪ್ಪನ ಥರ ಆಗುತ್ತಾ ಅತ್ತೆ?’ ಅಂತ ಕೇಳಿದಳು. ಗೊತ್ತಿದ್ದರೆ ಕಾಪಾಡಿಕೊಳ್ಳಬಹುದು, ಅಪ್ಪನಿಗೆ ಗೊತ್ತಿರಲಿಲ್ಲ ಅಂದೆ. ಅದೊಂದು ಮಾತನ್ನು ಮಾತ್ರ ಪೂರ್ತಿ ಮನಸ್ಸಿನಿಂದ ಹೇಳಿದೆ.

ಅವಳಿಗೆ ತೊಂಬತ್ನಾಲ್ಕು ಬಂತು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಒಂದು ದಿನ ರಜೆ ಹಾಕಿ ಬಸ್ಸು ಹತ್ತಿದೆ. ಅತ್ತಿಗೆ ಯಾರದೋ ರವಿಕೆಗೆ ಕಾಜಾ ಹಾಕುತ್ತಿದ್ದರು. ರಿಪೋರ್ಟ್ ಕೈಗೆ ಕೊಟ್ಟು, ಈಗಿನಿಂದಲೇ ಡಾಕ್ಟರಿಗೆ ತೋರಿಸಿಕೊಂಡು ಹೋದರೆ ಹೆದರಬೇಕಾದ್ದಿಲ್ಲ, ಅವಳ ಆಯಸ್ಸು ಅವಳ ಕೈಯಲ್ಲೇ ಇದೆ ಅಂತೆಲ್ಲ ಹೇಳಿದೆ. ಅವರು ಸೂಜಿ ಬಟ್ಟೆಗೆ ಸಿಕ್ಕಿಸಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಯಾವಾಗ ಕರೆದುಕೊಂಡು ಹೋಗಬೇಕು ಅಂತ ಕೇಳಿ ದಿನ ಗೊತ್ತುಮಾಡಿಕೊಂಡರು. ಆಮೇಲೆ ಅಂದರು:

“ಇದು ಮನೆತನದ್ದು ಅಂತ ಗೊತ್ತಾದ್ರೆ ನಾಳೆ ನೋಡೋಕೆ ಬರೋರು ಮಗೀನ ಅಪ್ಪ ಯಾತರಲ್ಲಿ ಹೋದ್ರು ಅಂತ ಕೇಳ್ತಾರೆ ಅಕ್ಕ.”

“ಗಂಡಿನ ಮನೆಯವರಿಗೆ ನಾನೇ ಬಂದು ತಿಳಿಸಿ ಹೇಳ್ತೀನಿ ಅತ್ತಿಗೆ. ಯಾರ ತಪ್ಪೂ ಅಲ್ಲ ಅಂತ.”

“ಯಾರ ತಪ್ಪೂ ಅಲ್ಲ ಅಂದ್ರೆ ಜನ ಒಪ್ಪಲ್ಲ. ನೀವೇ ನೋಡಿದ್ರಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಒಂದು ಮಾಡಿ. ಇನ್ನು ಯಾರ ಹತ್ರಾನೂ ಏನೂ ಬಿಡಿಸಿ ಹೇಳೋಕೆ ಹೋಗ್ಬೇಡಿ. ಮಾತ್ರೆ ನಾನು ಕೊಡ್ತೀನಿ, ಡಾಕ್ಟರ ಹತ್ರ ನಾನು ಕರ್ಕೊಂಡೋಗ್ತೀನಿ. ಗೊತ್ತಾಗಬೇಕಾದ ಗಂಡಿಗೆ, ಅವಳಿಗೆ ಒಪ್ಪಿಗೆ ಆದ್ಮೇಲೆ, ಅವಳೇ ಹೇಳ್ಲಿ. ಜನಕ್ಕೆ ಮಾತ್ರ ಅವರಪ್ಪ ನನ್ನ ಕೈ ಎಣ್ಣೆ ತಿಂದೇ ಹೋದ್ರು ಅಂತಾನೇ ಇರ್ಲಿ. ನಂಗೆ ಅಭ್ಯಾಸ ಆಗ್ಬುಟ್ಟಿದೆ. ಮಗೀನ ಮೇಲೆ ಬರೋದು ಬೇಡ.”

ನಾನು ಒಪ್ಪಿಕೊಂಡೆ. ಇದರಲ್ಲಿ ಯಾರ ಹೆಸರನ್ನೂ ಬರೆಯದೆ ಇರುವುದು ಅದಕ್ಕೇ.